ಕಾಡಿನ ಪಾಲುದಾರರ ನಡುವೆ ಒಬ್ಬ ದುಭಾಷಿ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ‘ನಾನು’ ಎಂದಾಗಲೆಲ್ಲ ಅದು ಬೇರೆ ಯಾರೋ ಆಗಿರುತ್ತಿದ್ದರು. ಮುಂಜಾನೆ ದೊಡ್ಡ ಅಧಿಕಾರಿಯಾಗಿ ‘ನಾನು ಆದೇಶ ಹೊರಡಿಸಿದ್ದೇನೆ’ ಎನ್ನುತ್ತಿದ್ದೆ. ಮಧ್ಯಾಹ್ನ ಅದೇ ಆದೇಶದಿಂದ ದನ ಮೇಯಿಸುವ ಜಾಗ ಕಳೆದುಕೊಂಡ ಮುದುಕನಾಗಿ ‘ನಾನು ಇನ್ನು ಎಲ್ಲಿಗೆ ಹೋಗಲಿ’ ಎನ್ನುತ್ತಿದ್ದೆ. ಒಮ್ಮೆ ಜಪಾನಿನ ಮಣ್ಣಿನ ತಜ್ಞನೊಬ್ಬನ ಪರವಾಗಿ ‘ನನಗೆ ಇಬ್ಬರು ಮಕ್ಕಳು, ಹೆಂಡತಿ ಟೋಕಿಯೋದಲ್ಲಿದ್ದಾಳೆ’ ಎಂದು ಗಂಭೀರವಾಗಿ ಹೇಳಿದಾಗ ಅಳ್ನಾವರದ ಕಡೆಯ ಹೆಂಗಸರು ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿದ್ದರು. ದುಭಾಷಿಯ ಕೆಲಸವೆಂದರೆ ಇದು. ಎರಡು ಭಾಷೆಗಳ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು, ದಾಟುವಾಗ ಅದು ಕಾಲು ಜಾರದಂತೆ ನೋಡಿಕೊಳ್ಳುವುದು.

ಹೋದ ತಿಂಗಳು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಭಾಷಾಂತರ ಕಲಿಯುತ್ತಿರುವ ಹತ್ತಾರು ಮಂದಿ ನನ್ನನ್ನು ಮಾತಿಗೆ ಕರೆದಿದ್ದರು. ಪರೀಕ್ಷೆ ಹೇಗಿರುತ್ತದೆ, ಯಾವ ನಿಘಂಟು ಒಳ್ಳೆಯದು, ಫೋನೇ ಎಲ್ಲ ಮಾಡುವಾಗ ನಮ್ಮ ಗತಿ ಏನು ಎಂದೆಲ್ಲ ಕೇಳಿದರು. ಕೊನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಮಾತ್ರ, ನೀವು ತಪ್ಪು ಮಾಡಿದಾಗ ಏನಾಯಿತು ಮೇಡಂ ಎಂದಳು. ಅಷ್ಟರಲ್ಲಿ ಧಾರವಾಡದ ಬಸ್ಸಿನ ಹೊತ್ತಾಗಿತ್ತು. ಅವಳಿಗೆ ಕೊಡಬೇಕಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಧಾರವಾಡದಲ್ಲಿ, ಕಾಡಿಗೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಈಗಲೂ ಸಂಜೆ ವಾಕಿಂಗಿನಲ್ಲಿ ಎದುರಾಗುತ್ತಾರೆ. ಕಾಡಿನಿಂದ ಎರಡೂವರೆ ತಾಸು ದೂರ ಕುಳಿತು ನಾವು ಕಾಡಿನ ಕಾಗದಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ತಿರುಗಿಸುತ್ತಿದ್ದೆವು. ಆಗ ಬೆರಳಚ್ಚು ಯಂತ್ರದ ಕಾಲ. ಮೂರು ಪ್ರತಿ ಬೇಕೆಂದರೆ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಕುಟ್ಟಬೇಕು, ಆ ಕಾರ್ಬನ್ ಕಾಗದ ಕಚೇರಿಯಲ್ಲಿ ಯಾವಾಗಲೂ ಸಾಲದು. ಅಂಥ ದಿನಗಳಲ್ಲಿ ವಿದೇಶದ ಪತ್ರವೊಂದು ಬಂತು. ನಿಮ್ಮ ಕಾಡುಗಳಲ್ಲಿ ಬಹಳಷ್ಟು ಕಾರ್ಬನ್ ಶೇಖರವಾಗಿದೆ, ಅದನ್ನು ಇಡೀ ಜಗತ್ತಿನ ಹಿತಕ್ಕಾಗಿ ಕಾಪಾಡಬೇಕು ಎಂದು ಅದರಲ್ಲಿತ್ತು. ನಮ್ಮ ಟೈಪಿಸ್ಟ್ ಅದನ್ನು ಎರಡು ಸಲ ಓದಿ, ಜಗತ್ತಿನ ಹಿತ ಆಮೇಲೆ ನೋಡೋಣ, ಮೊದಲು ಒಂದು ಡಬ್ಬಿ ನಮ್ಮ ಟೇಬಲ್ಲಿಗೆ ಕಳಿಸಲಿ ಎಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿಬಿಟ್ಟ.

ನನ್ನ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ಬಿಳಿ ಅಂಗಿ, ಕಿಸೆಯಲ್ಲಿ ಒಂದು ಕೆಂಪು ಪೆನ್ನು, ಯಾರನ್ನೂ ನೋಯಿಸದ ಸ್ವಭಾವ. ಆ ಸ್ವಭಾವವನ್ನು ಅವರು ಭಾಷಾಂತರಕ್ಕೂ ತಂದಿದ್ದರು. ನಾನು ಸೇರಿದ ಮೊದಲ ವಾರವೇ ಎದುರಿಗೆ ಕೂರಿಸಿಕೊಂಡು ಹೇಳಿದ್ದರು: “ಸುಮಿತ್ರಾಬಾಯಿ, ನಮ್ಮ ಕೆಲಸ ಅಂದ್ರ ನೆಂಟಸ್ತನ ಮಾಡಿಸಿದ್ಹಂಗ. ಎರಡೂ ಕಡೆ ಚೂರು ಛಲೋದನ್ನ ಹೇಳಬೇಕು. ಉಳಿದದ್ದು ಆಮ್ಯಾಲೆ ಅವರವರಿಗೇ ಗೊತ್ತಾಗ್ತದ.”

ನಾನು ಈ ಪಾಠವನ್ನು ಬಹಳ ಚೆನ್ನಾಗಿ ಕಲಿತೆ. ಹಳ್ಳಿಯ ಸಭೆಯಲ್ಲಿ ಒಬ್ಬ ರೈತ ಎದ್ದು ಇಲಾಖೆಯವರ ಏಳು ತಲೆಮಾರನ್ನು ಬೈದರೆ, ‘ಇವರು ಸ್ವಲ್ಪ ಕಳವಳ ವ್ಯಕ್ತಪಡಿಸುತ್ತಿದ್ದಾರೆ’ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಅತ್ತ ಬಂದ ಅತಿಥಿ ‘ಈ ಜನಕ್ಕೆ ಪರಿಸರದ ಅರಿವಿಲ್ಲ’ ಎಂದರೆ, ‘ನಿಮ್ಮಿಂದ ಕಲಿಯುವುದು ಬಹಳ ಇದೆ ಅಂತಾರೆ’ ಎಂದು ಕನ್ನಡದಲ್ಲಿ ಹೇಳುತ್ತಿದ್ದೆ. ಧಾರವಾಡ ಸೀಮೆಯ ಪಶ್ಚಿಮದ ಜನರಷ್ಟು ಸಂಭಾವಿತರು ಭೂಮಿಯ ಮೇಲೆ ಇಲ್ಲವೆಂದು ಹಲವು ದೇಶಗಳ ತಜ್ಞರು ನಂಬಿಕೊಂಡು ಹೋಗಿದ್ದಾರೆ. ಆ ನಂಬಿಕೆಯಲ್ಲಿ ನನ್ನ ದುಡಿಮೆ ದೊಡ್ಡದು.

ಈಗ ಕಾಡಕೊಪ್ಪದ ಸಂಗತಿಗೆ ಬರುತ್ತೇನೆ. ಊರಿನ ನಿಜವಾದ ಹೆಸರು ಬೇರೆ. ಅಳ್ನಾವರ ದಾಟಿ, ಇನ್ನೂ ಪಶ್ಚಿಮಕ್ಕೆ ಹೋದರೆ, ಕಾಡು ದಟ್ಟವಾಗಿ ಹಗಲಲ್ಲೇ ಮಬ್ಬಾಗುವ ಕಡೆ ಮೂವತ್ತೋ ನಲವತ್ತೋ ಮನೆಗಳು. ಜಗತ್ತಿನಲ್ಲಿ ಉಳಿದಿರುವ ಅಪರೂಪದ ಮಳೆಕಾಡುಗಳಲ್ಲಿ ಇದೂ ಒಂದು ಎಂದು ಹೊರದೇಶದ ಸಂಸ್ಥೆಯೊಂದು ಗುರುತಿಸಿ, ಇದನ್ನು ವಿಶ್ವದ ಪಟ್ಟಿಗೆ ಸೇರಿಸುವ ಬಗ್ಗೆ ನಮ್ಮ ಸರ್ಕಾರಕ್ಕೆ ಬರೆದಿತ್ತು. ಆ ಪ್ರಸ್ತಾವವನ್ನು ಕನ್ನಡಕ್ಕೆ ತಿರುಗಿಸಿ ಊರವರಿಗೆ ಹಂಚುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ನನ್ನ ಕೂದಲು ಅರ್ಧ ಬೆಳ್ಳಗಾಗಿತ್ತು. ಕೆಲಸ ಬರುತ್ತದೆ ಎಂಬ ಧಿಮಾಕು ಪೂರ್ತಿ ಬೆಳೆದಿತ್ತು.

ಇಂಗ್ಲಿಷಿನಲ್ಲಿ ‘ಹೆರಿಟೇಜ್’ ಎಂದಿತ್ತು. ನಿಘಂಟಿನ ಮೊದಲ ಅರ್ಥವನ್ನೇ ಎತ್ತಿಕೊಂಡು, ‘ಈ ಕಾಡು ಇಡೀ ಜಗತ್ತಿನ ಪಿತ್ರಾರ್ಜಿತ ಆಸ್ತಿಯಾಗಿದೆ’ ಎಂದು ಬರೆದೆ. ಓದಲು ಘನವಾಗಿತ್ತು. ಸಾಹೇಬರು ಕೂಡ ತಲೆದೂಗಿದರು.

ಹದಿನೈದು ದಿನ ಕಳೆದಿರಲಿಲ್ಲ, ಕಾಡಕೊಪ್ಪದಿಂದ ಒಂದು ಟೆಂಪೋ ತುಂಬ ಜನ ಕಚೇರಿಗೆ ಬಂದಿಳಿದರು. ಮುಂದೆ ನಿಂತವಳು ದ್ಯಾಮವ್ವ. ಅರವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು, ಕಾಡಿನಲ್ಲಿ ಮುರುಗಲ ಹಣ್ಣು ಆರಿಸಿ ಒಣಗಿಸಿ ಮಾರುವವಳು. ಊರಲ್ಲಿ ಯಾವ ಪಂಚಾಯ್ತಿಯೂ ಅವಳಿಲ್ಲದೆ ಶುರುವಾಗುವುದಿಲ್ಲವಂತೆ. ಓದಬಲ್ಲ ಹುಡುಗರಿಂದ ಓದಿಸಿ ಕೇಳಿದ್ದ ನನ್ನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡಿದ್ದಳು. ಪಿತ್ರಾರ್ಜಿತ ಅಂದಮೇಲೆ ಪಾಲುದಾರರು ಇರಬೇಕಲ್ಲ, ಜಗತ್ತಿನವರು ಪಾಲಿಗೆ ಯಾವಾಗ ಬರುತ್ತಾರೆ ಎಂಬುದು ಊರವರ ಪ್ರಶ್ನೆ.

“ಜಗತ್ತಿನ ಮಂದಿಯೆಲ್ಲಾ ಅಣ್ತಮ್ಮರು ಆದ್ರು ಅಂದ್ರ, ಉತಾರದಾಗ ಹೆಸರು ಯಾರ್ದು ಮೊದ್ಲ ಬರ್ತೈತ್ರಿ ಬಾಯಾರ?” ಎಂದಳು ದ್ಯಾಮವ್ವ. ಉತಾರವೆಂದರೆ ನಮ್ಮ ಕಡೆ ಜಮೀನಿನ ದಾಖಲೆ. ಅದರಲ್ಲಿ ಒಬ್ಬ ಚಿಕ್ಕಪ್ಪನ ಹೆಸರು ಹೊಕ್ಕರೇ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತದೆ. ಇಲ್ಲಿ ನಾನು ಇಡೀ ಮನುಕುಲವನ್ನು ಹೊಗಿಸಿದ್ದೆ.

ಸಾಹೇಬರು ಹೊರಗೆ ಬಂದು, ಅದು ಆಸ್ತಿಯಲ್ಲ, ಪರಂಪರೆಯ ತಾಣ ಎಂದು ಓದಿಕೊಳ್ಳಬೇಕು ಎಂದರು. ತಾಣ ಎಂದರೆ ಟಿಕೀಟು ತಗೊಂಡು ನೋಡುವ ಜಾಗವೇ, ನಮಗೂ ಟಿಕೀಟೇ ಎಂದು ಹಿಂದಿನಿಂದ ಯಾರೋ ಕೇಳಿದರು. ಸಾಹೇಬರು ಎಲ್ಲರಿಗೂ ಚಹಾ ತರಿಸಿದರು. ಮಾತು ತೋಚದಾಗ ಅವರು ಚಹಾ ತರಿಸುತ್ತಿದ್ದರು.

ಇಷ್ಟೇ ಆಗಿದ್ದರೆ ಇದೊಂದು ನಗೆಯ ಪ್ರಸಂಗವಾಗಿ ಮುಗಿಯುತ್ತಿತ್ತು. ಆದರೆ ಹೊರಡುವಾಗ ದ್ಯಾಮವ್ವ ನನ್ನ ಟೇಬಲ್ಲಿನ ಹತ್ತಿರ ನಿಂತು, ಸ್ವಲ್ಪ ಸಂಕೋಚದಿಂದಲೇ, ನಮಗೆಲ್ಲ ಮನೆ ಕಟ್ಟಿಸಿಕೊಡುತ್ತಾರೆ ಎಂದು ಇದೇ ಕಾಗದದಲ್ಲಿದೆಯಲ್ಲ, ಅವು ಮಕ್ಕಳ ಸಾಲಿಯ ಹತ್ತಿರ ಬಂದರೆ ಅನುಕೂಲ ಎಂದಳು. ಐದನೇ ಪುಟದಲ್ಲಿ, ಊರನ್ನು ಕಾಡಿನಿಂದ ಹೊರಗೆ ಸಾಗಿಸುವ ವಿಚಾರವನ್ನು ಪರಿಶೀಲಿಸಬಹುದು ಎಂಬ ಒಂದು ವಾಕ್ಯ ಇಂಗ್ಲಿಷಿನಲ್ಲಿತ್ತು. ಸಾಹೇಬರೂ ನಾನೂ ಸೇರಿ ಅದನ್ನು ‘ಅನುಕೂಲಕರ ಸ್ಥಳದಲ್ಲಿ ವಸತಿ ಕಲ್ಪಿಸುವುದನ್ನು ಪರಿಶೀಲಿಸಲಾಗುವುದು’ ಎಂದು ನಯ ಮಾಡಿದ್ದೆವು. ನೆಂಟಸ್ತನದ ಭಾಷೆ ಅದು.

ನಾನು ನಿಜ ಹೇಳಿದೆ. ಮನೆ ಕೊಡುವುದು ಕಾಡಿನಲ್ಲಿ ಅಲ್ಲ, ಬಯಲಿನಲ್ಲಿ, ಇಲ್ಲಿಂದ ಎಬ್ಬಿಸಿದ ಮೇಲೆ ಎಂದೆ. ಅವಳು ಕಾಗದವನ್ನು ಮತ್ತೊಮ್ಮೆ ಬಿಡಿಸಿ, ಅದು ಯಾವ ಪುಟವೆಂದು ಕೇಳಿ, ನಾನು ತೋರಿಸಿದ ಐದನೇ ಪುಟ ನೋಡಿದಳು. “ಮತ್ತ ಹಂಗ ಬರೀಬೇಕಿತ್ತಲ್ರಿ,” ಎಂದಷ್ಟೇ ಹೇಳಿ ಟೆಂಪೋ ಹತ್ತಿದಳು. ಬೈದಿದ್ದರೆ ನಾನು ಅದನ್ನು ಕಳವಳ ಎಂದು ಭಾಷಾಂತರಿಸಿಕೊಂಡು ಆರಾಮವಾಗಿ ಇರುತ್ತಿದ್ದೆ.

ಎರಡು ತಿಂಗಳ ಮೇಲೆ ಪರಿಶೀಲನೆಗೆ ಅತಿಥಿಗಳು ಬಂದರು. ಹೊರದೇಶದ ಸಂಸ್ಥೆಯಿಂದ ಮಾರ್ತಾ ಎಂಬ ಸಸ್ಯವಿಜ್ಞಾನಿ. ಉತ್ತರ ಯುರೋಪಿನ ಚಿಕ್ಕದೊಂದು ದೇಶದವಳು, ಐವತ್ತು ವರ್ಷದವಳು, ಪಾಚಿ ಕಂಡರೆ ಮೊಣಕಾಲೂರಿ ಕುಳಿತುಬಿಡುವವಳು. ದಿಲ್ಲಿಯಿಂದ ಒಬ್ಬ ಹಿರಿಯ ಅಧಿಕಾರಿ. ನಮ್ಮ ದೇಶದ ಕಾಡಿನ ಬಗ್ಗೆ ಹೊರಗಿನವರು ಅತಿಯಾಗಿ ಮಾತಾಡದಂತೆ ನೋಡಿಕೊಳ್ಳುವುದು ಅವರ ಕೆಲಸ. ಜೀಪಿನಲ್ಲಿ ಇಬ್ಬರೂ ಹಿಂದೆ, ಸಾಹೇಬರು ಮುಂದೆ, ನಾನು ಹಿಂದಿನ ಇಬ್ಬರ ನಡುವೆ. ಧಾರವಾಡದಿಂದ ಕಾಡಕೊಪ್ಪದವರೆಗೆ ಇಬ್ಬರೂ ಬಹಳ ಸೌಜನ್ಯದಿಂದ ನನ್ನ ಮೂಗಿನ ಮುಂದೆಯೇ ಜಗಳವಾಡಿದರು. ಇಬ್ಬರಿಗೂ ಇಂಗ್ಲಿಷ್ ಬರುತ್ತಿದ್ದರಿಂದ ನನಗೆ ಕೆಲಸವಿರಲಿಲ್ಲ.

ಸಭೆ ಸೇರಿದ್ದು ಸಾಲಿಯ ಪಡಸಾಲೆಯಲ್ಲಿ. ಮಾರ್ತಾ ಮೊದಲ ಮಾತನ್ನು ಕನ್ನಡದಲ್ಲೇ ಆಡಬೇಕೆಂದು ಹಟ ಹಿಡಿದಿದ್ದಳು. ‘ನಿಮ್ಮ ಕಾಡನ್ನು ನೋಡಲು ಬಂದಿದ್ದೇನೆ’ ಎಂಬ ವಾಕ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಜೀಪಿನ ಕುಲುಕಾಟದಲ್ಲಿ ನಡುವಿನ ಪದಗಳು ಕಲಸಿಹೋಗಿರಬೇಕು. ಅವಳು ಎದ್ದು ನಿಂತು, ಕೈಮುಗಿದು, ಸ್ಪಷ್ಟವಾಗಿ “ನಿಮ್ಮನ್ನು ಕಾಡಲು ಬಂದಿದ್ದೇನೆ” ಎಂದಳು.

ಆಮೇಲೆ ದ್ಯಾಮವ್ವ, “ಇಷ್ಟ ವರ್ಷದಾಗ ಖರೇ ಹೇಳಿದಾಕಿ ಈಕಿ ಒಬ್ಬಾಕಿನ ನೋಡು,” ಎಂದಳು. ಪಡಸಾಲೆಯೆಲ್ಲ ನಕ್ಕಿತು. ಮಾರ್ತಾ ತನ್ನ ಕನ್ನಡ ಮೆಚ್ಚುಗೆಯಾಯಿತೆಂದು ತಾನೂ ನಕ್ಕಳು. ಆ ಮಾತನ್ನು ನಾನು ತಿದ್ದಲು ಹೋಗಲಿಲ್ಲ.

ಮೊದಲು ದಿಲ್ಲಿಯ ಅಧಿಕಾರಿ ಮಾತಾಡಿದರು. ಈ ಕಾಡು ನಮ್ಮ ಗಡಿಯ ಒಳಗಿದೆ, ಇಲ್ಲಿ ಏನು ಉಳಿಸಬೇಕು, ಏನು ಕಡಿಯಬೇಕು ಎಂಬುದನ್ನು ಸ್ವತಂತ್ರ ದೇಶವೇ ತೀರ್ಮಾನಿಸುತ್ತದೆ, ತಮ್ಮ ಕಾಡನ್ನು ಕಡಿದು ಶ್ರೀಮಂತರಾದವರು ಈಗ ಬಂದು ನಮಗೆ ಬುದ್ಧಿ ಹೇಳಬೇಕಾಗಿಲ್ಲ ಎಂದರು. ನಡುನಡುವೆ ‘ಸಾವರಿನ್‌ಟಿ’ ಎಂಬ ಪದ. ಪುಸ್ತಕದ ಕನ್ನಡದಲ್ಲಿ ಅದು ಸಾರ್ವಭೌಮತ್ವ. ಹಾಗೆಂದರೆ ಯಾರೋ ಚಕ್ರವರ್ತಿ ಬರುತ್ತಾನೆಂದು ತಿಳಿದಾರು. ಹಿಂದಿನ ಪಿತ್ರಾರ್ಜಿತದ ನೆನಪು ಇನ್ನೂ ಹಸಿಯಾಗಿತ್ತು. “ನಮ್ಮ ಮನಿ ಯಜಮಾನಿಕಿ ನಮ್ಮ ಕೈಯಾಗ ಇರಬೇಕು, ಹೊರಗಿನವರು ಬಂದು ಹೇಳಬಾರದು ಅಂತಾರ,” ಎಂದೆ. ಜನ ತಲೆಯಾಡಿಸಿದರು.

ಆಮೇಲೆ ಮಾರ್ತಾ. ಇಲ್ಲಿನ ಮರಗಳು ಎಳೆದುಕೊಳ್ಳುವ ಗಾಳಿಗೆ ಗಡಿ ಇಲ್ಲ, ಇಲ್ಲಿಯ ಕಾಡು ಹೋದರೆ ಮಳೆ ತಪ್ಪುವುದು ಎಷ್ಟೋ ದೂರದವರಿಗೂ ತಟ್ಟುತ್ತದೆ, ಇದು ನಿಮ್ಮ ಉಸಿರು ಮಾತ್ರವಲ್ಲ, ನಮ್ಮ ಉಸಿರೂ ಹೌದು ಎಂದಳು. ಮನಸ್ಸಿನಿಂದ ಹೇಳಿದಳು. ಅದಕ್ಕೂ ಜನ ತಲೆಯಾಡಿಸಿದರು. ಇಬ್ಬರಿಗೂ ತಾವು ಗೆದ್ದೆವೆನಿಸಿತು.

ಆಗ ದ್ಯಾಮವ್ವ ಕುಳಿತಲ್ಲಿಂದಲೇ ಮಾತು ತೆಗೆದಳು. “ದಿಲ್ಲಿ ಸಾಹೇಬ್ರು ಹೇಳಿದ್ದು ಖರೇ ಐತ್ರಿ. ನಮ್ಮ ಮನಿಗೆ ಬಂದು ನಮಗ ಹೇಳಬ್ಯಾಡ್ರಿ ಅಂತ ಅವರು ಈ ತಾಯಿಗೆ ಹೇಳಿದ್ರು. ಅದ ಮಾತನ್ನ ನಾವು ಸಾಹೇಬ್ರಿಗೆ ಹೇಳಬಹುದೇನ್ರಿ? ಈ ತಾಯಿ ಹೇಳಿದ್ದೂ ಖರೇ ಐತಿ. ಕಾಡು ತನ್ನ ಉಸುರು ಅಂತಾಳ. ಆಕಿ ಉಸುರು ಇಷ್ಟ ವರ್ಷ ಕಾದವರು ನಾವು. ಕಾದವರನ್ನ ಎಬ್ಬಿಸಿ ಹೊರಗ ಹಾಕ್ರಿ ಅಂತ ಐದನೇ ಪುಟದಾಗ ಯಾಕ ಬರದಾಳ, ಕೇಳ್ರಿ.”

ಎಲ್ಲರೂ ನನ್ನತ್ತ ನೋಡಿದರು. ಕುಲಕರ್ಣಿ ಸಾಹೇಬರು ಕಿವಿಯ ಹತ್ತಿರ ಬಾಗಿ, “ಇಬ್ಬರಿಗೂ ಸ್ವಾಗತ ಕೋರ್‍ಯಾರ ಅಂತ ಹೇಳ್ರಿ, ಸುಮಿತ್ರಾಬಾಯಿ,” ಎಂದರು. ಅವರಿಗೆ ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ನನ್ನ ಬಾಯಲ್ಲಿ ಸ್ವಾಗತದ ವಾಕ್ಯ ಸಿದ್ಧವಾಗಿಯೂ ಇತ್ತು. ಅಷ್ಟು ವರ್ಷದ ರೂಢಿ. ಆದರೆ ದ್ಯಾಮವ್ವ ನನ್ನ ತುಟಿಯನ್ನೇ ನೋಡುತ್ತಿದ್ದಳು. ಇಂಗ್ಲಿಷ್ ಬರದವರು ದುಭಾಷಿಯ ಮುಖ ಓದುತ್ತಾರೆ. ಇದನ್ನು ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ.

ಅವಳು ಹೇಳಿದ್ದನ್ನು ಹೇಳಿದಂತೆಯೇ ಇಂಗ್ಲಿಷಿನಲ್ಲಿ ಹೇಳಿದೆ. ‘ಹೇಳಬಹುದೇ’ ಎಂಬಲ್ಲಿ ಪ್ರಶ್ನೆಯಾಗಿ, ‘ಕೇಳಿ’ ಎಂಬಲ್ಲಿ ಆಜ್ಞೆಯಾಗಿ.

ದಿಲ್ಲಿಯ ಅಧಿಕಾರಿ ಕನ್ನಡಕ ತೆಗೆದು, ಇದು ಆ ಹೆಂಗಸಿನ ಮಾತೋ ನಿಮ್ಮ ಮಾತೋ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಅದನ್ನೂ ಕನ್ನಡಕ್ಕೆ ತಿರುಗಿಸಿದೆ. ತಿರುಗಿಸುವುದು ಒಮ್ಮೆ ಶುರುವಾದ ಮೇಲೆ ನಿಲ್ಲಿಸಲು ಆಗಲಿಲ್ಲ. ದ್ಯಾಮವ್ವ ಅವರತ್ತ ತಿರುಗಿ, ಬಾಯಾರದ್ದು ಒಂದು ಮಾತೂ ಇಲ್ಲ, ಅವರು ತಮ್ಮದನ್ನು ಸೇರಿಸಿದಾಗ ಇಷ್ಟು ನೆಟ್ಟಗೆ ಇರುವುದಿಲ್ಲ ಎಂದಳು. ಅದನ್ನೂ ನಾನೇ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ನನ್ನ ವೃತ್ತಿಜೀವನದ ಬಗ್ಗೆ ಯಾರೂ ಅಷ್ಟು ಸರಿಯಾದ ವರದಿ ಕೊಟ್ಟಿಲ್ಲ, ಅದನ್ನು ಒಪ್ಪಿಸಿದವಳೂ ನಾನೇ.

ದಿಲ್ಲಿಯ ಅಧಿಕಾರಿ ಮೊದಲು ಮುಖ ಬಿಗಿದರು. ಆಮೇಲೆ, ಯಾಕೋ, ಸಣ್ಣಗೆ ನಕ್ಕರು. ಮಾರ್ತಾ ದ್ಯಾಮವ್ವನ ಪ್ರಶ್ನೆಯನ್ನು ಬರೆದುಕೊಂಡಳು.

ಊಟ ದ್ಯಾಮವ್ವನ ಮನೆಯಲ್ಲಿ. ಅಕ್ಕಿ ರೊಟ್ಟಿ, ಮುರುಗಲ ಸಾರು. ಎಲೆಯ ಮುಂದೆ ಕುಳಿತಾಗ ಮನುಷ್ಯರು ಸ್ವಲ್ಪ ಬೇರೆಯಾಗುತ್ತಾರೆ. ದಿಲ್ಲಿಯವರು ತಮ್ಮ ಅಜ್ಜನ ಸಂಗತಿ ಹೇಳಿದರು. ಬಿಳಿಯ ಸಾಹೇಬರು ಅವರೂರಿನ ಮರಗಳಿಗೆ ಗುರುತು ಹಾಕಿ, ಕಡಿಸಿ ರೈಲು ಹಳಿಯ ಕೆಳಗೆ ಹಾಸಿದ್ದನ್ನು ಅಜ್ಜ ಕಣ್ಣಾರೆ ಕಂಡಿದ್ದನಂತೆ. ಈಗ ಅದೇ ಕಡೆಯವರು ಬಂದು ಮರ ಉಳಿಸಿ ಎಂದರೆ ಮಾತು ಸರಿಯೆಂದು ಗೊತ್ತಿದ್ದರೂ ಹೊಟ್ಟೆ ಉರಿಯುತ್ತದೆ ಎಂದರು. ಮಾರ್ತಾ ಅದಕ್ಕೆ ವಾದಿಸಲಿಲ್ಲ. ತಮ್ಮೂರಿನ ಹಳೆಯ ಕಾಡು ಹಡಗು ಕಟ್ಟುವುದರಲ್ಲಿ ಮುಗಿದುಹೋಯಿತು, ಉಳಿದಿರುವುದು ಒಂದು ತುಂಡು, ಅದಕ್ಕೂ ಬೇಲಿ ಹಾಕಿದೆ, ಚಿಕ್ಕವಳಿದ್ದಾಗ ಬೇಲಿಯ ಹೊರಗೆ ನಿಂತು ನೋಡಿಬರುತ್ತಿದ್ದೆ ಎಂದಳು. ನಾನು ಎರಡನ್ನೂ ದ್ಯಾಮವ್ವನಿಗೆ ಹೇಳಿದೆ. ಅವಳು ಇಬ್ಬರ ಎಲೆಗೂ ಇನ್ನೊಂದೊಂದು ರೊಟ್ಟಿ ಹಾಕಿ, “ಪಾಪ, ಇಬ್ಬರದೂ ಕಳದೈತಿ,” ಎಂದಳು. ಇದನ್ನು ಇಂಗ್ಲಿಷಿನಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ರೊಟ್ಟಿ ಹಾಕಿದ ರೀತಿಯಲ್ಲೇ ಅವರಿಗೆ ತಿಳಿಯಿತು.

ವಾರದ ನಂತರ ಮೇಲಿನಿಂದ ನನ್ನ ಹೆಸರಿಗೆ ಒಂದು ನೋಟೀಸು ಬಂತು. ಸಭೆಯಲ್ಲಿ ಸಂಯಮವಿಲ್ಲದ ಭಾಷಾಂತರ ಮಾಡಿ ಮುಜುಗರ ತಂದದ್ದಕ್ಕೆ ವಿವರಣೆ ಕೊಡಬೇಕೆಂದು ಅದರಲ್ಲಿತ್ತು. ನೋಟೀಸು ಇಂಗ್ಲಿಷಿನಲ್ಲಿತ್ತು, ಕಡತಕ್ಕೆ ಕನ್ನಡ ಪ್ರತಿ ಬೇಕಿತ್ತು. ಕಚೇರಿಯಲ್ಲಿ ಭಾಷಾಂತರಕ್ಕೆ ಇದ್ದವಳು ನಾನೊಬ್ಬಳೇ.

ನನ್ನನ್ನು ಬೈದದ್ದನ್ನು ನಾನೇ ಕನ್ನಡಕ್ಕೆ ತಂದೆ. ಈ ಸಲ ಯಾವುದನ್ನೂ ನಯ ಮಾಡಬಾರದೆಂದು ‘ತೀವ್ರ ಅಸಮಾಧಾನ’ ಎಂಬುದನ್ನು ಹಾಗೆಯೇ ಇಟ್ಟೆ. ಸಾಹೇಬರು ಓದಿ, ಕೆಂಪು ಪೆನ್ನು ತೆಗೆದು ಅದನ್ನು ಹೊಡೆದುಹಾಕಿ ‘ತುಸು ಬೇಸರ’ ಎಂದು ಬರೆದರು. ಹೀಗೆ ಮಾಡಬೇಡಿ ಸರ್, ಮೂಲದಲ್ಲಿ ಹಾಗಿಲ್ಲ ಎಂದೆ. “ಅವತ್ತ ನೀವು ನನ್ನ ಮಾತು ಕೇಳಲಿಲ್ಲ, ಇವತ್ತ ನಾ ನಿಮ್ಮ ಮಾತು ಕೇಳೂದಿಲ್ಲ,” ಎಂದರು. ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡು, “ನೀವು ಮಾಡಿದ್ದು ಬರೋಬರಿ ಅದ. ನನ್ನ ಕೈಲೆ ಆಗತಿದ್ದಿಲ್ಲ,” ಎಂದರು. ಮುಂದಿನ ಎಂಟು ತಿಂಗಳು ನನಗೆ ಕೊಟ್ಟ ಕೆಲಸ ಕೀಟಗಳ ಹೆಸರಿನ ಪಟ್ಟಿಯನ್ನು ಕನ್ನಡಕ್ಕೆ ತರುವುದು. ಜೀರುಂಡೆಗಳಿಂದ ಯಾರಿಗೂ ಮುಜುಗರವಾಗುವುದಿಲ್ಲವಲ್ಲ.

ಆ ಪಟ್ಟಿ ಮುಗಿಯುವ ಹೊತ್ತಿಗೆ ಸಂಸ್ಥೆಯ ಅಂತಿಮ ವರದಿ ಬಂತು. ಸ್ಥಳಾಂತರದ ವಾಕ್ಯ ಹೋಗಿ, ಊರವರ ಒಪ್ಪಿಗೆ ಇಲ್ಲದೆ ಯಾರನ್ನೂ ಕದಲಿಸತಕ್ಕದ್ದಲ್ಲ ಎಂದು ಅಲ್ಲಿ ಬರೆದಿತ್ತು. ಅದರ ಕೆಳಗೆ, ‘ನಿವಾಸಿಯೊಬ್ಬರು ಕೇಳಿದ ಪ್ರಶ್ನೆ’ ಎಂದು ದ್ಯಾಮವ್ವನ ಮಾತು. ದಿಲ್ಲಿಯಿಂದ ಬಂದ ಪತ್ರವೂ ಆ ಭಾಗಕ್ಕೆ ಆಕ್ಷೇಪಣೆ ಎತ್ತಿರಲಿಲ್ಲ. ಕಾಡು ಯಾರದು ಎಂಬ ಜಗಳವನ್ನು ಎರಡೂ ಕಡೆಯವರು ಇತರ ಪುಟಗಳಲ್ಲಿ ಸಾಕಷ್ಟು ಮುಂದುವರಿಸಿದ್ದರು.

ಕನ್ನಡ ಪ್ರತಿ ಹಿಡಿದು ನಾನೇ ಕಾಡಕೊಪ್ಪಕ್ಕೆ ಹೋಗಿ ಓದಿದೆ. ‘ಈ ಉಸಿರನ್ನು ದೀರ್ಘಕಾಲದಿಂದ ಸಂರಕ್ಷಿಸುತ್ತ ಬಂದಿರುವ ಸಮುದಾಯವನ್ನು’ ಎಂದು ಶುರುವಾಗುತ್ತಿದ್ದಂತೆ ದ್ಯಾಮವ್ವ ಕೈಯೆತ್ತಿ ತಡೆದಳು. ಇದು ತಾನು ಅಂದದ್ದಲ್ಲ, ಯಾರೋ ಮಾಸ್ತರರು ಅಂದದ್ದು ಎಂದಳು. ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಮತ್ತೆ ಕನ್ನಡಕ್ಕೆ ಬರುವಷ್ಟರಲ್ಲಿ ಅವಳ ಮಾತು ಕೋಟು ಹಾಕಿಕೊಂಡಿತ್ತು. ಅಲ್ಲೇ ಕಟ್ಟೆಯ ಮೇಲೆ ಕುಳಿತು, ಅವಳು ಹೇಳಿದಂತೆ ತಿದ್ದಿದೆ. ಸರ್ಕಾರದ ಕಡತದಲ್ಲಿ ‘ಉಸುರು’ ಎಂಬ ಪದ ಇರುವುದು ಬಹುಶಃ ಅದೊಂದರಲ್ಲೇ.

ಈಗ ಎಲ್ಲರ ಕೈಯಲ್ಲೂ ಫೋನು. ನಿವೃತ್ತಿಗೆ ಮುಂಚೆ ನಾನೂ ಅದನ್ನು ಬಳಸಿದ್ದೇನೆ, ಬೈಯುವುದಿಲ್ಲ. ಅದು ಹತ್ತು ಪುಟ ಓದಿ ಹೇಳುವಷ್ಟರಲ್ಲಿ ನಮ್ಮ ಕಾಲದಲ್ಲಿ ಕಾರ್ಬನ್ ಹುಡುಕುವುದೂ ಮುಗಿಯುತ್ತಿರಲಿಲ್ಲ. ಆದರೆ ಒಮ್ಮೆ ‘ಕಾಯ್ದಿಟ್ಟ ಅರಣ್ಯ’ ಎನ್ನಬೇಕಾದಲ್ಲಿ ಅದು ‘ಮುಂಗಡ ಕಾಯ್ದಿರಿಸಿದ ಕಾಡು’ ಎಂದಿತು. ಊರವರು ಯಾವ ಗಾಡಿಗೆ ಎಂದು ಕೇಳಿದರು. ಫೋನಿಗೆ ನೋಟೀಸು ಬರುವುದಿಲ್ಲ, ಎದುರಿಗೆ ಕುಳಿತವರು ಅದರ ಮುಖ ನೋಡುವುದಿಲ್ಲ. ಕೊನೆಯ ಸಾಲಿನ ಹುಡುಗಿಗೆ ನಾನು ಹೇಳಬಲ್ಲೆನಾದರೆ ಇಷ್ಟೇ: ಪದ ತಪ್ಪಿದರೆ ಜನ ನಕ್ಕು ತಿದ್ದುತ್ತಾರೆ. ಪದ ಸರಿಯಿದ್ದೂ ಮಾತು ಮುಚ್ಚಿಟ್ಟರೆ ಅದನ್ನು ತಿದ್ದಲು ಅವರಿಗೆ ದಾರಿಯೇ ಇರುವುದಿಲ್ಲ.

ಹೋದ ವರ್ಷ ಮತ್ತೊಮ್ಮೆ ಕಾಡಕೊಪ್ಪಕ್ಕೆ ಹೋಗಿದ್ದೆ, ಯಾವ ಕೆಲಸವೂ ಇಲ್ಲದೆ. ಊರಿನಾಚೆ ಕಾಡು ಶುರುವಾಗುವಲ್ಲಿ ಹೊಸದೊಂದು ಹಸಿರು ಬೋರ್ಡು ನಿಂತಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಈ ಅರಣ್ಯವು ಸಮಸ್ತ ಮಾನವಕುಲಕ್ಕೆ ಸೇರಿದ್ದು’ ಎಂದೂ, ಅದರ ಕೆಳಗೆ ಕೆಂಪಿನಲ್ಲಿ ‘ಅನುಮತಿ ಇಲ್ಲದೆ ಪ್ರವೇಶವಿಲ್ಲ’ ಎಂದೂ ಇತ್ತು. ಯಾರ ಅನುಮತಿ ಎಂದು ಬರೆದಿರಲಿಲ್ಲ. ದ್ಯಾಮವ್ವ ಬುಟ್ಟಿ ಹಿಡಿದು ಮುರುಗಲಕ್ಕೆ ಹೊರಟಿದ್ದಳು. ಬೋರ್ಡಿನಲ್ಲಿ ಏನಿದೆ ಎಂದು ಕೇಳಿದಳು. ಓದಿ ಹೇಳಿದೆ, ಇದ್ದದ್ದನ್ನು ಇದ್ದಂತೆ. ಅವಳು ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಬೋರ್ಡನ್ನು ದಾಟಿ ನಾಲ್ಕು ಹೆಜ್ಜೆ ನಡೆದಳು. ನಾನು ಸರ್ಕಾರಿ ನೌಕರಿಯ ಅಭ್ಯಾಸದಂತೆ ಅಲ್ಲೇ ನಿಂತುಬಿಟ್ಟಿದ್ದೆ. ಅವಳು ತಿರುಗಿ ನೋಡಿದಳು.

“ಬರ್ರಿ ಬಾಯಾರ,” ಎಂದಳು, “ನಾ ಪರವಾನಗಿ ಕೊಟ್ಟೇನಿ.”